ಹೊಗೆ ಬಿಡೋ ಓಮ್ನಿಗೆ ಎಂಜಿನ್ ಕೆಲಸ ಮಾಡ್ಸೋದಾ, ಗುಜರಿಗೆ ಹಾಕೋದಾ? ಮಿರ್ಲೆ ಭಾಗದ ವ್ಯಾಪಾರಿಗಳ ಮುಂದಿರುವ ಲೆಕ್ಕ

ಮಿರ್ಲೆ: ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ರಸ್ತೆಗೆ ಬಂದರೆ ಮೊದಲು ಕೇಳೋದು ಹಾಲಿನ ವ್ಯಾನಿನ ಸದ್ದು, ಆಮೇಲೆ ಓಮ್ನಿ ಸ್ಟಾರ್ಟ್ ಮಾಡುವ ಸದ್ದು. ಹಿಂದಿನ ಸೀಟು ಬಿಚ್ಚಿ ಕ್ರೇಟು ಜೋಡಿಸಿಕೊಂಡು ಮೈಸೂರಿನ ಬಂಡೀಪಾಳ್ಯ ಎಪಿಎಂಸಿಗೆ ತರಕಾರಿ ತರೋಕೆ ಹೋಗುವವರು, ದೇವರಾಜ ಮಾರುಕಟ್ಟೆಗೆ ಹೂ ಒಯ್ಯುವವರು, ಕೆ.ಆರ್. ನಗರದಿಂದ ದಿನಸಿ ತರುವವರು, ಸಂತೆಯಿಂದ ಸಂತೆಗೆ ಬಟ್ಟೆ, ಪಾತ್ರೆ ಹೊತ್ತು ತಿರುಗುವವರು. ಕೆಎ 45 ನಂಬರಿನ ಈ ಹಳೇ ಗಾಡಿಗಳೇ ನಮ್ಮ ಕಡೆಯ ಸಣ್ಣ ವ್ಯಾಪಾರದ ಬೆನ್ನೆಲುಬು.

ಈ ಗಾಡಿಗಳಿಗೆ ಈಗ ವಯಸ್ಸಾಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ, ಲೋಡ್ ಹಾಕಿದರೆ ಏರು ಹತ್ತಲ್ಲ, ವಾರಕ್ಕೊಂದ್ಸಲ ಆಯಿಲ್ ಟಾಪ್‌ಅಪ್. ಮೆಕ್ಯಾನಿಕ್ ಹತ್ರ ಹೋದರೆ ಒಂದೇ ಮಾತು: 'ಎಂಜಿನ್ ಕೆಲಸಕ್ಕೆ ಬಂದೈತೆ ಕಣಣ್ಣ.' ಮನೆಗೆ ಬಂದರೆ ಮಗ ಮೊಬೈಲಲ್ಲಿ ತೋರಿಸ್ತಾನೆ: 'ಹದಿನೈದು ವರ್ಷ ಆದ ಗಾಡಿ ಎಲ್ಲಾ ಗುಜರಿಗಂತೆ.' ಆ ಕಡೆ ಶೋರೂಮಿನವರ ಫೋನು: 'ಜಿಎಸ್‌ಟಿ ಇಳಿದಿದೆ ಸರ್, ಹೊಸದು ತಗೊಳ್ಳಿ.'

ಮೂರೂ ಮಾತಿನಲ್ಲಿ ಸ್ವಲ್ಪ ಸ್ವಲ್ಪ ನಿಜ ಇದೆ. ಪೂರ್ತಿ ನಿಜ ಏನು, ಕೈಯಲ್ಲಿ ಇಪ್ಪತ್ತು ಮೂವತ್ತು ಸಾವಿರ ಇಟ್ಟುಕೊಂಡ ಅಂಗಡಿಯವರು ಏನು ಮಾಡಬಹುದು ಅನ್ನೋದನ್ನ ಒಂದೊಂದಾಗಿ ನೋಡೋಣ.

ಹದಿನೈದು ವರ್ಷಕ್ಕೇ ಗುಜರಿ ಅನ್ನೋದು ನಿಜವೇ?

ಅಲ್ಲ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿ ಓಡಿಸಬಾರದು ಅನ್ನೋ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. ಅಲ್ಲೂ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ವಯಸ್ಸಾಗಿದೆ ಎಂಬ ಒಂದೇ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದು ತಡೆದಿತ್ತು. ಇನ್ನು, ಹದಿನೈದು ವರ್ಷ ದಾಟಿದ್ದು ಗುಜರಿಗೆ ಹೋಗಲೇಬೇಕು ಅನ್ನೋ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು ಸರ್ಕಾರಿ ವಾಹನಗಳಿಗೆ. ನಿಮ್ಮ ಮನೆ ಮುಂದಿನ ಖಾಸಗಿ ಓಮ್ನಿಗಲ್ಲ.

ನಮ್ಮಲ್ಲಿ ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದರೆ ಆರ್‌ಟಿಒ ಕಚೇರಿಗೆ ಗಾಡಿ ತೋರಿಸಿ, ಫಿಟ್ ಇದೆ ಅಂತ ಆದರೆ ಆರ್‌ಸಿ ಮತ್ತೆ ಐದು ವರ್ಷಕ್ಕೆ ನವೀಕರಣ ಆಗುತ್ತದೆ. ಐದು ವರ್ಷ ಕಳೆದ ಮೇಲೆ ಮತ್ತೆ ಹೀಗೇ. ನಮ್ಮ ಭಾಗದವರಿಗೆ ಇದಕ್ಕೆ ಹುಣಸೂರಿನ ಕಚೇರಿ.

ಆದರೆ ಶುಲ್ಕ ಏರಿದೆ, ಅದು ನಿಜ. 2022ರ ಏಪ್ರಿಲ್‌ಗೆ ಮೊದಲು ಕಾರಿನ ಆರ್‌ಸಿ ನವೀಕರಣಕ್ಕೆ ಕೇಂದ್ರದ ಶುಲ್ಕ 600 ರೂ. ಇತ್ತು. ಆಮೇಲೆ 5,000 ರೂ. ಆಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಗಾಡಿಗಳಿಗೆ ಪ್ರತ್ಯೇಕ ದರ ಬಂತು: ಬೈಕ್‌ಗೆ 2,000, ಕಾರಿಗೆ 10,000 ರೂ. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ. ಆರ್‌ಸಿ ಅವಧಿ ಮುಗಿದ ಮೇಲೆ ತಡ ಮಾಡಿದರೆ ಕಾರಿಗೆ ತಿಂಗಳಿಗೆ 500 ರೂ. ದಂಡವೂ ಸೇರುತ್ತಾ ಹೋಗುತ್ತದೆ.

ಇದನ್ನ ನಮ್ಮ ಲೆಕ್ಕಕ್ಕೆ ಇಳಿಸೋಣ. 2006ರಲ್ಲಿ ತೆಗೆದ ಓಮ್ನಿ 2021ರಲ್ಲಿ 600 ರೂಪಾಯಿಗೆ ನವೀಕರಣ ಆಗಿರುತ್ತೆ. 2026ಕ್ಕೆ ಅದಕ್ಕೆ ಇಪ್ಪತ್ತು ತುಂಬುತ್ತೆ, ಮುಂದಿನ ಐದು ವರ್ಷಕ್ಕೆ 10,000 ಕಟ್ಟಬೇಕು. 2010ರ ಗಾಡಿಯಾದರೆ ಈಗ 5,000 ಕಟ್ಟಿದರೆ 2030ರವರೆಗೆ ಚಿಂತೆ ಇಲ್ಲ. ಅಂದರೆ ಎಂಜಿನ್ ಕೆಲಸಕ್ಕೆ ಕೈ ಹಾಕುವ ಮೊದಲು ನೋಡಬೇಕಾದ್ದು ಸೈಲೆನ್ಸರ್ ಅಲ್ಲ, ಆರ್‌ಸಿ. ಅದರಲ್ಲಿರುವ ತಾರೀಖು.

ಸರ್ಕಾರವೇ ಹಳೇ ಬಸ್ ಕಟ್ಟಿ ಓಡಿಸ್ತಿದೆ

ಹಳೇದನ್ನ ರಿಪೇರಿ ಮಾಡೋದು ದಡ್ಡತನ ಅನ್ನುವವರಿಗೆ ಒಂದು ಉದಾಹರಣೆ. ಕೆಎಸ್‌ಆರ್‌ಟಿಸಿ 2022ರಿಂದ ಈಚೆಗೆ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಬಸ್‌ಗಳನ್ನು ತನ್ನದೇ ವರ್ಕ್‌ಶಾಪ್‌ಗಳಲ್ಲಿ ಬಿಚ್ಚಿ, ಬಾಡಿ ಹೊಸದಾಗಿ ಕಟ್ಟಿ ರಸ್ತೆಗೆ ಬಿಡುತ್ತಿದೆ. ಹೀಗೆ ವಾಪಸ್ ಬಂದ ಬಸ್‌ಗಳ ಸಂಖ್ಯೆ ಸಾವಿರ ದಾಟಿದೆ. ಹೊಸ ಬಸ್ಸಿನ ಬೆಲೆಯ ಒಂದು ಸಣ್ಣ ಪಾಲಿಗೆ ಇನ್ನಷ್ಟು ವರ್ಷದ ಓಟ ಸಿಕ್ಕುತ್ತೆ ಅನ್ನೋದೇ ಅವರ ಲೆಕ್ಕ.

ಮೈಸೂರಿಗಂತೂ ಇದು ಹೊಸದಲ್ಲ. ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿ ಮೂವತ್ತು ವರ್ಷ ಆಗ್ತಾ ಬಂತು, 1996ರ ಮಾತು ಅದು. ಇವತ್ತಿಗೂ ಜಾವಾ, ಯೆಜ್ಡಿ ಬೈಕುಗಳು ಮೈಸೂರಿನ ರಸ್ತೆಯಲ್ಲಿ ಓಡ್ತಿರೋದು ಬೋರ್ ಮಾಡಿಸಿ, ಪಿಸ್ಟನ್ ಬದಲಿಸಿ ಕಟ್ಟುವ ಕೈಗಳು ಇರೋದ್ರಿಂದ. ಆ ಕಸುಬು ಇನ್ನೂ ಸತ್ತಿಲ್ಲ.

ಜಿಎಸ್‌ಟಿ ಇಳಿದಿದ್ದರಿಂದ ನಮಗೇನು?

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಪೇಪರಿನಲ್ಲಿ ದೊಡ್ಡದಾಗಿ ಬಂದದ್ದು ಅದೇ. ಅದರ ಜೊತೆಗೇ ಬಂದ ಇನ್ನೊಂದು ಸುದ್ದಿ ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ: ಗಾಡಿಯ ಬಿಡಿಭಾಗಗಳಿಗೂ ಈಗ ಶೇ. 18 ಒಂದೇ ದರ.

ತೆರಿಗೆ ಬಿಟ್ಟು 10,000 ರೂ. ಬೆಲೆಯ ಪಿಸ್ಟನ್, ರಿಂಗ್, ಬೇರಿಂಗ್, ಪ್ಯಾಕಿಂಗ್ ತಗೊಂಡರೆ ಮೊದಲು 12,800 ಆಗ್ತಿತ್ತು. ಈಗ 11,800. ಸಾವಿರ ರೂಪಾಯಿ ಉಳಿತಾಯ. ಅದು ನಿಮಗೆ ಸಿಗಬೇಕಾದರೆ ಬಿಲ್ ಕೇಳಬೇಕು. 'ಬಿಲ್ ಬೇಡ ಅಂದ್ರೆ ಕಮ್ಮಿ ಮಾಡಿಕೊಡ್ತೀನಿ' ಅನ್ನೋ ಮಾತಿಗೆ ಮರುಳಾದರೆ ಡೂಪ್ಲಿಕೇಟ್ ಪಾರ್ಟ್ಸ್ ಕೊಟ್ಟಾಗ ಕೇಳೋಕೆ ಕೈಯಲ್ಲಿ ಕಾಗದ ಇರಲ್ಲ.

ಪಾರ್ಟ್ಸ್ ಸಿಗುತ್ತಾ ಅನ್ನೋ ಭಯವೂ ಇದೆ. ಮಾರುತಿ 800 ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿ 2019ರಲ್ಲಿ. ಎರಡಕ್ಕೂ ಮೂಲತಃ ಒಂದೇ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಲಕ್ಷಗಟ್ಟಲೆ ಗಾಡಿ ಓಡಿದ ಎಂಜಿನ್ ಆದ್ದರಿಂದ ಸದ್ಯಕ್ಕೆ ಸಾಮಾನು ಸಿಗುತ್ತಿದೆ. ಪಿಸ್ಟನ್ ರಿಂಗ್‌ಗೆ ಹೆಸರಾದ ಗೋಯೆಟ್ಜ್ ಕಾರ್ಖಾನೆ ದಶಕಗಳಿಂದ ಬೆಂಗಳೂರಿನ ಯಲಹಂಕದಲ್ಲೇ ಇದೆ. ಮೈಸೂರಲ್ಲಿ ಸಿಗದೇ ಇದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಹತ್ತು ವರ್ಷದ ಮೇಲೂ ಹೀಗೇ ಸಿಗುತ್ತೆ ಅಂತ ಮಾತ್ರ ನಂಬಿ ಕೂರಬೇಡಿ.

ಹೊಗೆ ಕಂಡ ತಕ್ಷಣ ಎಂಜಿನ್ ಬಿಚ್ಚಬೇಡಿ

ಕಮ್ಮಿ ದುಡ್ಡಲ್ಲಿ ಕೆಲಸ ಮುಗಿಸಬೇಕು ಅಂದರೆ ಮೊದಲ ಸೂತ್ರ: ಕಾಯಿಲೆ ಏನು ಅಂತ ತಿಳಿಯದೆ ಆಪರೇಷನ್ ಬೇಡ. ಹೊಗೆಯ ಬಣ್ಣವೇ ಅರ್ಧ ಕಥೆ ಹೇಳುತ್ತೆ.

ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂತ ಅರ್ಥ. ಏರ್ ಫಿಲ್ಟರ್, ಪ್ಲಗ್, ಕಾರ್ಬುರೇಟರ್ ಅಥವಾ ಸೆನ್ಸರ್ ನೋಡಿದರೆ ಸಾಕಾಗಬಹುದು. ಗಾಡಿ ಬಿಸಿಯಾದ ಮೇಲೂ ಬಿಡದೆ ಬಿಳಿ ಹೊಗೆ, ರೇಡಿಯೇಟರ್ ನೀರು ಕಮ್ಮಿ ಆಗ್ತಿದ್ದರೆ ಹೆಡ್ ಪ್ಯಾಕಿಂಗ್ ಹೋಗಿರುವ ಅನುಮಾನ. ನೀಲಿ ಹೊಗೆ ಅಂದರೆ ಆಯಿಲ್ ಉರೀತಿದೆ.

ನೀಲಿಯಲ್ಲೂ ಎರಡು ಥರ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬುಸ್ ಅಂತ ಬಂದು ಆಮೇಲೆ ನಿಂತರೆ, ಅಥವಾ ಇಳಿಜಾರಲ್ಲಿ ಆಕ್ಸಿಲೇಟರ್ ಬಿಟ್ಟು ಬಂದು ಮತ್ತೆ ಒತ್ತಿದಾಗ ಬಂದರೆ, ವಾಲ್ವ್ ಸೀಲ್ ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು. ಅದು ಹೆಡ್ ಕೆಲಸದಲ್ಲೇ ಮುಗಿಯುತ್ತೆ. ಲೋಡ್ ಹಾಕಿ ಏರು ಹತ್ತುವಾಗ ಉದ್ದಕ್ಕೂ ನೀಲಿ ಹೊಗೆ ಬಿಟ್ಟರೆ ರಿಂಗು, ಬೋರು ಸವೆದಿರುವ ಲಕ್ಷಣ.

ಇದನ್ನ ಖಾತ್ರಿ ಮಾಡಿಕೊಳ್ಳೋಕೆ ಕಂಪ್ರೆಷನ್ ಟೆಸ್ಟ್ ಇದೆ. ಎಂಜಿನ್ ಬಿಚ್ಚೋದೇ ಬೇಡ. ಪ್ಲಗ್ ತೆಗೆದು ಆ ಜಾಗಕ್ಕೆ ಗೇಜ್ ಹಾಕಿ ಸೆಲ್ಫ್ ಹೊಡೆದರೆ ಒಂದೊಂದು ಸಿಲಿಂಡರ್‌ನ ಒತ್ತಡ ಎಷ್ಟು ಅಂತ ಮುಳ್ಳು ತೋರಿಸುತ್ತೆ. ಮೂರೂ ಸಿಲಿಂಡರ್ ಹೆಚ್ಚುಕಮ್ಮಿ ಒಂದೇ ಸಮ ಇರಬೇಕು, ಒಂದಕ್ಕೂ ಇನ್ನೊಂದಕ್ಕೂ ಒಂದು ಕೆ.ಜಿ.ಗಿಂತ ಜಾಸ್ತಿ ವ್ಯತ್ಯಾಸ ಒಳ್ಳೇದಲ್ಲ. ಕಮ್ಮಿ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ತೊಂದರೆ ರಿಂಗು, ಬೋರಿನದ್ದು. ಏರದೇ ಇದ್ದರೆ ವಾಲ್ವ್ ಅಥವಾ ಪ್ಯಾಕಿಂಗ್‌ದು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಮ್ಮಿ ಬಂದರೆ ನಡುವೆ ಪ್ಯಾಕಿಂಗ್ ಸುಟ್ಟಿರೋದೇ ಹೆಚ್ಚು.

ಹತ್ತು ನಿಮಿಷದ ಈ ಪರೀಕ್ಷೆ ಮಾಡದೆ 'ಫುಲ್ ಎಂಜಿನ್ ಮಾಡ್ಸಿಬಿಡಿ' ಅನ್ನುವವರ ಹತ್ರ ಗಾಡಿ ಬಿಡಬೇಡಿ. ಹೆಡ್ ಕೆಲಸದಲ್ಲಿ ಮುಗಿಯೋದಕ್ಕೆ ಫುಲ್ ಎಂಜಿನ್ ದುಡ್ಡು ಕೊಟ್ಟವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ.

ಅದಕ್ಕೂ ಮೊದಲು ಗಾಡಿ ಕೆಳಗೆ ಬಗ್ಗಿ ನೋಡಿ

ಎಂಜಿನ್ ಎಷ್ಟು ಚೆನ್ನಾಗಿ ಕಟ್ಟಿದರೂ ಗಾಡಿಯ ತಳ ತುಕ್ಕು ಹಿಡಿದಿದ್ದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಓಮ್ನಿಯಲ್ಲಿ ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಡ್ರೈವರ್ ಕಾಲಿಡುವ ತಳ ನೋಡಿ. ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿದರೆ ಒಳಗೆ ಹೋದರೆ ಅಲ್ಲಿಗೆ ನಿಲ್ಲಿಸಿ. ಫಿಟ್‌ನೆಸ್‌ನಲ್ಲೂ ಪಾಸಾಗಲ್ಲ, ಆ ಗಾಡಿಯಲ್ಲಿ ಮನೆಯವರನ್ನ ಕೂರಿಸಿಕೊಂಡು ಹೋಗೋದೂ ಸರಿಯಲ್ಲ. ಓಮ್ನಿಯಲ್ಲಿ ಡ್ರೈವರ್ ಮುಂದೆ ಬಾನೆಟ್ ಇಲ್ಲ ಅನ್ನೋದು ನೆನಪಿರಲಿ. ಅಪಘಾತವಾದರೆ ಮೊದಲ ಏಟು ಕಾಲಿಗೇ.

ಅಂಥ ಗಾಡಿಯನ್ನ ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತಗೊಳ್ಳೋದೇ ಲೇಸು. ಕೇಂದ್ರದ ನೀತಿಯಲ್ಲಿ ಆ ಸರ್ಟಿಫಿಕೇಟ್ ಇಟ್ಟು ಹೊಸ ಖಾಸಗಿ ವಾಹನ ಕೊಂಡರೆ ರಾಜ್ಯಗಳು ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯ್ತಿ ಕೊಡಲು ಅವಕಾಶ ಇದೆ. ರಸ್ತೆ ಬದಿಯ ಗುಜರಿಯವನಿಗೆ ಕೊಟ್ಟು ಆರ್‌ಸಿ ರದ್ದು ಮಾಡಿಸದೆ ಬಿಟ್ಟರೆ, ನಾಳೆ ಆ ನಂಬರ್ ಪ್ಲೇಟ್ ಎಲ್ಲಿ ಯಾವ ಕೇಸಿನಲ್ಲಿ ಸಿಕ್ಕರೂ ಪೊಲೀಸರು ಬರೋದು ನಿಮ್ಮ ಮನೆಗೆ.

ಮೂವತ್ತು ಸಾವಿರ ಹಾಕಿದರೆ ವಾಪಸ್ ಬರುತ್ತಾ?

ಲೆಕ್ಕ ಹಾಕೋಣ. ಇದು ನಾವು ಉದಾಹರಣೆಗೆ ಹಿಡಿದ ಅಂಕಿ, ನಿಮ್ಮ ಗಾಡಿಯ ಅಂಕಿ ಹಾಕಿ ನೀವೇ ನೋಡಿಕೊಳ್ಳಿ.

ದಿನಕ್ಕೆ 50 ಕಿ.ಮೀ., ತಿಂಗಳಿಗೆ 1,500 ಕಿ.ಮೀ. ಓಟ ಅಂದುಕೊಳ್ಳಿ. ಚೆನ್ನಾಗಿದ್ದಾಗ ಲೀಟರ್‌ಗೆ 15 ಕೊಡ್ತಿದ್ದ ಗಾಡಿ ಈಗ 11 ಕೊಡ್ತಿದೆ. ಮೊದಲು 100 ಲೀಟರ್ ಸಾಕಾಗ್ತಿತ್ತು, ಈಗ 136 ಬೇಕು. ಪೆಟ್ರೋಲ್ ಲೀಟರ್‌ಗೆ ಬರೀ 100 ರೂ. ಹಿಡಿದರೂ ತಿಂಗಳಿಗೆ 3,600 ರೂ. ದಂಡ. 500 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿದರೆ ಮೂರು ಲೀಟರ್, 400ರ ಲೆಕ್ಕದಲ್ಲಿ 1,200. ಒಟ್ಟು 4,800 ರೂ. ಪ್ರತಿ ತಿಂಗಳೂ ಹೊಗೆಯಾಗಿ ಹೋಗ್ತಿದೆ.

ಅಂದರೆ ಸರಿಯಾಗಿ ಮಾಡಿದ ಮೂವತ್ತು ಸಾವಿರದ ಕೆಲಸ ಆರೇಳು ತಿಂಗಳಲ್ಲಿ ತೀರುತ್ತೆ. ಇಪ್ಪತ್ತು ವರ್ಷದ ಗಾಡಿಯ ನವೀಕರಣದ 10,000 ಸೇರಿಸಿ 40,000 ಅಂದುಕೊಂಡು ಮೂರು ವರ್ಷಕ್ಕೆ ಹಂಚಿದರೂ ತಿಂಗಳಿಗೆ 1,100ರ ಆಸುಪಾಸು. ಅದೇ ಹೊಸ ಗಾಡಿಗೆ ಐದು ಲಕ್ಷ ಸಾಲ, ಶೇ. 10 ಬಡ್ಡಿ, ಐದು ವರ್ಷ ಅಂದರೆ ತಿಂಗಳ ಕಂತೇ 10,600 ದಾಟುತ್ತೆ. ಮಳೆ ಕೈಕೊಟ್ಟು ಊರಲ್ಲಿ ವ್ಯಾಪಾರ ಬಿದ್ದ ವರ್ಷವೂ ಕಂತು ನಿಲ್ಲಲ್ಲ.

ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲು ಇದೆ. ವಾರಕ್ಕೆ ಎರಡು ದಿನ, ಅದೂ ಊರೊಳಗೇ ಓಡುವ ಗಾಡಿಗೆ ಮೂವತ್ತು ಸಾವಿರ ಹಾಕಿದರೆ ಬರೋಕೆ ವರ್ಷಗಳೇ ಬೇಕು. ಅಂಥವರು ವಾಲ್ವ್ ಸೀಲ್ ಮಟ್ಟದ ಸಣ್ಣ ಕೆಲಸಕ್ಕೆ ನಿಲ್ಲಿಸಿ ಬಾಡಿಗೆ ಗಾಡಿ ಹಿಡಿಯೋದೇ ಲಾಭ.

ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ನಮ್ಮ ಮನೆಯದ್ದೇ ಒಂದು ಅನುಭವ ಹೇಳಬೇಕು. ಕೆಲ ವರ್ಷದ ಹಿಂದೆ ನಮ್ಮ ಓಮ್ನಿ ಎಂಜಿನ್ ಇಳಿಸಿದಾಗ ಆತುರಕ್ಕೆ ಬ್ಲಾಕನ್ನ ಮೊದಲು ಲೇತಿಗೆ ಕಳಿಸಿದೆವು. ಅಲ್ಲಿ ಅರ್ಧ ಮಿಲಿಮೀಟರ್ ದೊಡ್ಡದಾಗಿ ಬೋರ್ ಹೊಡೆದು ಕೊಟ್ಟರು. ಆಮೇಲೆ ನೋಡಿದರೆ ಆ ಸೈಜಿನ ಪಿಸ್ಟನ್ ಮೈಸೂರಿನ ಯಾವ ಅಂಗಡಿಯಲ್ಲೂ ಇಲ್ಲ. ಒಂದೂವರೆ ತಿಂಗಳು ಗಾಡಿ ಶೆಡ್ಡಿನಲ್ಲಿ, ನಾವು ಬಸ್ಸಿನಲ್ಲಿ. ಲೇತಿನವರನ್ನ ಕೇಳಿದರೆ, 'ಪಿಸ್ಟನ್ ತಂದುಕೊಡಿ ಅಂತ ನೀವು ಯಾಕೆ ಕೇಳಲಿಲ್ಲ ಸಾ?' ಅಂದರು. ಅವರು ಮೊದಲೇ ಹೇಳಬೇಕಿತ್ತು, ನಿಜ. ನಾವೂ ಕೇಳಬೇಕಿತ್ತು.

ಕ್ರಮ ಇಷ್ಟೇ. ಮೊದಲು ಬಿಚ್ಚಿ ಅಳತೆ ತೆಗೆಸಿ. ಬೋರ್ ಮೇಲ್ಭಾಗದಲ್ಲಿ ಜಾಸ್ತಿ, ಕೆಳಗೆ ಕಮ್ಮಿ ಸವೆಯುತ್ತೆ, ದುಂಡಗಿದ್ದದ್ದು ಮೊಟ್ಟೆಯಾಕಾರ ಆಗುತ್ತೆ. ಸವೆತ ಮಿತಿಯೊಳಗಿದ್ದರೆ ಹೋನಿಂಗ್ ಮಾಡಿಸಿ ಹೊಸ ರಿಂಗ್ ಹಾಕಿದರೆ ಸಾಕು, ಪಿಸ್ಟನ್ ದುಡ್ಡು ಉಳಿಯುತ್ತೆ. ಮಿತಿ ದಾಟಿದ್ದರೆ 0.25 ಅಥವಾ 0.50 ಓವರ್‌ಸೈಜ್ ಪಿಸ್ಟನ್ ಸೆಟ್ ಮೊದಲು ಕೈಗೆ ತಗೊಂಡು, ಆ ಪಿಸ್ಟನ್ನೇ ಲೇತಿಗೆ ಕೊಟ್ಟು ಅದರ ಅಳತೆಗೆ ಬೋರ್ ಹೊಡೆಸಬೇಕು. ಮೊಟ್ಟೆಯಾಕಾರ ಆದ ಬೋರಿಗೆ ಬರೀ ಹೊಸ ರಿಂಗ್ ಹಾಕಿ ಮುಗಿಸುವ ಕೆಲಸ ಮೂರು ತಿಂಗಳಿಗೆ ಮತ್ತೆ ಹೊಗೆ.

ಉಳಿಸಬಾರದ ಜಾಗ: ಮೇನ್ ಬೇರಿಂಗ್, ಬಿಗ್ ಎಂಡ್ ಬೇರಿಂಗ್, ಹೆಡ್ ಪ್ಯಾಕಿಂಗ್, ವಾಲ್ವ್ ಸೀಲ್, ಟೈಮಿಂಗ್ ಬೆಲ್ಟ್, ಆಯಿಲ್ ಸೀಲ್. ಎಂಜಿನ್ ಇಳಿಸಿದಾಗ ಇವನ್ನ ಬದಲಿಸದೆ ಬಿಟ್ಟರೆ ಮತ್ತೆ ಇಳಿಸುವ ಕೂಲಿ ಪಾರ್ಟ್ಸ್ ಬೆಲೆಗಿಂತ ಜಾಸ್ತಿ. ಆಯಿಲ್ ಪಂಪ್ ಬಿಚ್ಚಿಸಿ ನೋಡಿ. ಹೆಡ್ ಬಿಸಿಯಾಗಿದ್ದರೆ ಸೊಟ್ಟ ಆಗಿದೆಯಾ ಅಂತ ಫೇಸಿಂಗ್ ಪಟ್ಟಿ ಇಟ್ಟು ನೋಡಿಸಿ. ರೇಡಿಯೇಟರ್ ಕ್ಲೀನ್ ಮಾಡಿಸಿ. ಹಳೇ ರೇಡಿಯೇಟರಿನ ಕೆಸರಿನಿಂದಲೇ ಹೊಸ ಎಂಜಿನ್ ಬಿಸಿಯಾಗಿ ಹಾಳಾಗೋದು ಮಾಮೂಲು.

ಉಳಿಸಬಹುದಾದ ಜಾಗ: ಆಲ್ಟರ್ನೇಟರ್, ಸೆಲ್ಫ್ ಮೋಟರ್ ಕೆಲಸ ಮಾಡ್ತಿದ್ದರೆ ಮುಟ್ಟಬೇಡಿ. ಕ್ಲಚ್ ಪ್ಲೇಟ್ ಅರ್ಧಕ್ಕಿಂತ ಜಾಸ್ತಿ ಇದ್ದರೆ ಅದನ್ನೇ ಹಾಕಿ. ಕ್ರ್ಯಾಂಕ್ ಅಳತೆಯಲ್ಲಿ ಸರಿ ಬಂದರೆ ಗ್ರೈಂಡಿಂಗ್ ಬೇಡ. ಬ್ಲಾಕಿಗೆ ಪೇಂಟ್, ಪಾಲಿಶ್ ಯಾವುದೂ ಬೇಕಿಲ್ಲ. ತೊಳೆಯೋದು, ಉಜ್ಜೋದು, ಹಳೇ ಪ್ಯಾಕಿಂಗ್ ಕೆರೆಯೋದು ನೀವೇ ಕೂತು ಮಾಡಿದರೆ ಹುಡುಗರ ಕೂಲಿ ಉಳಿಯುತ್ತೆ, ಒಳಗೆ ಏನು ಹಾಕ್ತಿದ್ದಾರೆ ಅನ್ನೋದೂ ಕಣ್ಣಿಗೆ ಕಾಣುತ್ತೆ.

ಕೈಯಲ್ಲಿ 30,000 ಇದ್ದರೆ 24,000ಕ್ಕೆ ಕೆಲಸ ಒಪ್ಪಿಸಿ. ಉಳಿದ ಆರು ಸಾವಿರ ಬಿಚ್ಚಿದ ಮೇಲೆ ಕಾಣುವ ತೊಂದರೆಗೆ ಇರಲಿ. ಕಾಣದೆ ಇರೋದಿಲ್ಲ.

ಕಟ್ಟಿದ ಮೇಲೆ ಮೊದಲ ಸಾವಿರ ಕಿಲೋಮೀಟರ್ ಬಾಣಂತಿ ನೋಡಿಕೊಂಡ ಹಾಗೆ ನೋಡಿಕೊಳ್ಳಬೇಕು. ಓವರ್‌ಲೋಡ್ ಬೇಡ, ಒಂದೇ ವೇಗದಲ್ಲಿ ಎಳೆಯೋದೂ ಬೇಡ. ಐನೂರು ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಬದಲಿಸಿ. ಹೊಸ ರಿಂಗು ಬೋರಿಗೆ ಕೂರುವಾಗ ಉದುರುವ ಲೋಹದ ಪುಡಿ ಅದರಲ್ಲೇ ಹೋಗಬೇಕು.

ಗುಜರಿ ಎಂಜಿನ್ ಅಗ್ಗ, ಕಾಗದ ದುಬಾರಿ

ಕೆಲವರು ಬೋರು, ಪಿಸ್ಟನ್ ಅಂತ ತಲೆಕೆಡಿಸಿಕೊಳ್ಳದೆ ಗುಜರಿಯಿಂದ ಇನ್ನೊಂದು ಎಂಜಿನ್ ತಂದು ಕೂರಿಸ್ತಾರೆ. ಒಂದು ದಿನದ ಕೆಲಸ, ನಿಜ. ಎಂಜಿನ್ ನಂಬರ್ ಆರ್‌ಸಿಯಲ್ಲಿರುತ್ತೆ ಅನ್ನೋದು ಮರೆಯುತ್ತಾರೆ. ಬ್ಲಾಕ್ ಬದಲಾದರೆ ನಂಬರ್ ಬದಲಾಗುತ್ತೆ. ಆರ್‌ಟಿಒ ಅನುಮತಿ ತಗೊಂಡು ಆರ್‌ಸಿಯಲ್ಲಿ ದಾಖಲು ಮಾಡಿಸದೆ ಓಡಿಸಿದರೆ ನವೀಕರಣದ ದಿನ ಸಿಕ್ಕಿಬೀಳ್ತೀರಿ, ಅಪಘಾತ ಆದರೆ ವಿಮೆಯವರು ತಕರಾರು ತೆಗೀತಾರೆ. ಆ ಎಂಜಿನ್ ಕದ್ದ ಗಾಡಿಯದ್ದಾಗಿದ್ದರೆ ಕಥೆಯೇ ಬೇರೆ. ನಿಮ್ಮದೇ ಬ್ಲಾಕ್ ಬೋರ್ ಮಾಡಿಸಿದರೆ ನಂಬರ್ ಹಾಗೇ ಇರುತ್ತೆ, ಈ ಯಾವ ರಗಳೆಯೂ ಇಲ್ಲ.

ಮನೆ ಬಳಕೆಯ ಸಿಲಿಂಡರ್ ಗ್ಯಾಸಿನಲ್ಲಿ ಓಮ್ನಿ ಓಡಿಸೋದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಸರಿಯಾದ ಕಿಟ್ ಇದ್ದ ಗಾಡಿಯಲ್ಲೂ ಗ್ಯಾಸಿನ ಒಣ ಉರಿಗೆ ವಾಲ್ವ್ ಸೀಟು ಬೇಗ ಸವೆಯುತ್ತೆ. ಗ್ಯಾಸ್ ಗಾಡಿಯವರು ಹೆಡ್ ಕೆಲಸದಲ್ಲಿ ಸೀಟನ್ನ ತಪ್ಪದೆ ನೋಡಿಸಬೇಕು.

ಎಥೆನಾಲ್ ಪೆಟ್ರೋಲಿಗೆ ಹಳೇ ಗಾಡಿ ತಡೆಯುತ್ತಾ?

ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ಇಲ್ಲದ ಪೆಟ್ರೋಲೂ ಸಿಗಲಿ ಎಂದು ಹಾಕಿದ್ದ ಅರ್ಜಿಯನ್ನ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಅಂದರೆ ಬೇರೆ ದಾರಿ ಇಲ್ಲ. 2021ರ ನೀತಿ ಆಯೋಗದ ವರದಿಯ ಪ್ರಕಾರವೇ ಎಥೆನಾಲ್‌ಗೆಂದು ರೂಪಿಸದ ಹಳೇ ಕಾರುಗಳಲ್ಲಿ ಮೈಲೇಜ್ ಶೇ. 6ರಿಂದ 7ರಷ್ಟು ಇಳಿಯಬಹುದು. ಲೀಟರ್‌ಗೆ 15 ಕೊಡೋದು 14ಕ್ಕೆ ಬಂತು ಅಂದುಕೊಳ್ಳಿ. ಎಂಜಿನ್ ಕೆಲಸ ಮಾಡಿಸಿಯೂ ಹಳೇ ಮೈಲೇಜ್ ಪೂರ್ತಿ ಬರಲಿಲ್ಲ ಅಂತ ಮೆಕ್ಯಾನಿಕ್ ಜೊತೆ ಜಗಳಕ್ಕೆ ಬೀಳುವ ಮೊದಲು ಇದನ್ನ ನೆನಪಿಡಿ.

ಹಳೇ ರಬ್ಬರ್ ಪೈಪು, ಸೀಲುಗಳಿಗೆ ಎಥೆನಾಲ್ ಆಗಿಬರಲ್ಲ. ಅದು ನೀರನ್ನೂ ಎಳೆದುಕೊಳ್ಳುತ್ತೆ. ಎಂಜಿನ್ ಇಳಿಸಿದಾಗಲೇ ಪೆಟ್ರೋಲ್ ಪೈಪು, ಫಿಲ್ಟರ್ ಹೊಸದು ಹಾಕಿಸಿ. ವಾರಗಟ್ಟಲೆ ಗಾಡಿ ನಿಲ್ಲಿಸಿಡಬೇಡಿ. ಎಥೆನಾಲ್‌ಗೆ ಬೇಡಿಕೆ ಬಂದರೆ ಕಬ್ಬು ಬೆಳೆಯುವವರಿಗೆ ಅನುಕೂಲ, ಅದು ನಮ್ಮ ಭಾಗಕ್ಕೂ ಬೇಕಾದ್ದೇ. ಆದರೆ ಹಳೇ ಗಾಡಿ ಇಟ್ಟುಕೊಂಡ ಬಡ ವ್ಯಾಪಾರಿಯ ಜೇಬಿಂದ ಎಷ್ಟು ಹೋಗ್ತಿದೆ ಅನ್ನೋ ಲೆಕ್ಕವನ್ನೂ ಸರ್ಕಾರ ಹೇಳಬೇಕು.

ಎಂಜಿನ್ ಸವೆಯೋದಕ್ಕೆ ನಮ್ಮ ರಸ್ತೆಯೂ ಕಾರಣ

ಎಂಜಿನ್ ಬೋರ್ ತಿನ್ನುವ ದೊಡ್ಡ ಶತ್ರು ಧೂಳು. ಹಳ್ಳಿ ರಸ್ತೆಯ ಧೂಳು ಹರಿದ ಏರ್ ಫಿಲ್ಟರಿನಿಂದ ಒಳಗೆ ಹೋದರೆ ಆಯಿಲ್ ಜೊತೆ ಸೇರಿ ಉಪ್ಪುಕಾಗದದ ಹಾಗೆ ಉಜ್ಜುತ್ತೆ. ಸುಗ್ಗಿ ಕಾಲದಲ್ಲಿ ರಸ್ತೆ ಮೇಲೆ ರಾಗಿ, ಹುರುಳಿ ಹಾಸಿ ಒಕ್ಕಣೆ ಮಾಡುತ್ತಾರೆ. ಆ ಹೊಟ್ಟು ರೇಡಿಯೇಟರ್ ಜಾಲರಿಗೆ ಮೆತ್ತಿಕೊಳ್ಳುತ್ತೆ, ಹುಲ್ಲು ಆಕ್ಸಲ್ಲಿಗೆ ಸುತ್ತಿಕೊಳ್ಳುತ್ತೆ, ಬಿಸಿ ಸೈಲೆನ್ಸರ್ ತಾಗಿ ಬೆಂಕಿ ಹತ್ತಿಕೊಂಡದ್ದೂ ಉಂಟು. ರೈತರನ್ನ ಬೈದು ಪ್ರಯೋಜನ ಇಲ್ಲ, ಊರೂರಲ್ಲಿ ಕಣ ಇಲ್ಲದೇ ಇದ್ದರೆ ಅವರಾದರೂ ಎಲ್ಲಿಗೆ ಹೋಗಬೇಕು? ಗ್ರಾಮ ಪಂಚಾಯ್ತಿಗಳು ಒಕ್ಕಣೆ ಕಣಕ್ಕೆ ಜಾಗ ಮಾಡಿಕೊಟ್ಟರೆ ಇಬ್ಬರಿಗೂ ಒಳ್ಳೇದು. ಅಲ್ಲಿಯವರೆಗೆ ಸುಗ್ಗಿ ಮುಗಿದ ಮೇಲೆ ನೂರಿನ್ನೂರು ರೂಪಾಯಿಯ ಏರ್ ಫಿಲ್ಟರ್ ಬದಲಿಸಿ, ಮೂವತ್ತು ಸಾವಿರ ಉಳಿಸಿ.

ಮೆಕ್ಯಾನಿಕ್ ಉಳಿದರೆ ಗಾಡಿ ಉಳಿಯುತ್ತೆ

ಕೊನೆಗೆ ಒಂದು ಮಾತು ನಮ್ಮ ಊರಿನ ಶೆಡ್‌ಗಳ ಬಗ್ಗೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳನ್ನ ಸ್ಕ್ಯಾನರ್ ಇಲ್ಲದೆ ಮುಟ್ಟೋಕೆ ಆಗಲ್ಲ. ಹೊಸ ಗಾಡಿ ಎಲ್ಲ ಮೈಸೂರಿನ ಸರ್ವಿಸ್ ಸೆಂಟರಿಗೆ ಹೋಗ್ತವೆ. ಹೊಂಗೆ ಮರದಡಿ ಶೆಡ್ ಹಾಕಿಕೊಂಡ ನಮ್ಮ ಮೆಕ್ಯಾನಿಕ್‌ಗೆ ಉಳಿದಿರೋದು ಹಳೇ ಓಮ್ನಿ, 800, ಜೀಪುಗಳೇ. ಅವು ಹೋದರೆ ಆ ಶೆಡ್ಡೂ ಹೋಗುತ್ತೆ, ಅಲ್ಲಿ ಕೆಲಸ ಕಲಿಯುವ ಹುಡುಗರೂ ಊರು ಬಿಡ್ತಾರೆ.

ಅವರಿಗೆ ಬೇಕಾದ ಸಲಕರಣೆ ದೊಡ್ಡದಲ್ಲ. ಒಂದು ಕಂಪ್ರೆಷನ್ ಗೇಜ್, ಒಂದು ಟಾರ್ಕ್ ರೆಂಚ್, ಒಂದು ಬೋರ್ ಗೇಜ್. ಹೆಡ್ ಬೋಲ್ಟನ್ನ ನಡುವಿಂದ ಹೊರಕ್ಕೆ, ಹಂತ ಹಂತವಾಗಿ, ಅಳತೆಯ ಬಲಕ್ಕೆ ಬಿಗಿಯಬೇಕು. ಕೈಯಂದಾಜಿನಲ್ಲಿ ಬಿಗಿದ ಹೆಡ್ ಆರು ತಿಂಗಳಿಗೆ ಮತ್ತೆ ಸೋರೋದು ಇದಕ್ಕೇ.

2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಕಮ್ಮಾರರು, ಬಡಗಿಗಳು, ಕ್ಷೌರಿಕರು, ದರ್ಜಿಗಳು ಸೇರಿ 18 ಕಸುಬುಗಳಿಗೆ ತರಬೇತಿ, ಸಲಕರಣೆಗೆ 15,000 ರೂ. ನೆರವು ಇದೆ. ಆ ಪಟ್ಟಿಯಲ್ಲಿ ಮೋಟಾರ್ ಮೆಕ್ಯಾನಿಕ್ ಇಲ್ಲ. ಯಾಕಿಲ್ಲ ಅನ್ನೋದನ್ನ ನಮ್ಮ ಶಾಸಕರು, ಸಂಸದರು ಕೇಳಬೇಕು. ಸದ್ಯಕ್ಕೆ ಇರುವ ದಾರಿ ಮುದ್ರಾ ಯೋಜನೆಯ ಶಿಶು ಸಾಲ, 50,000 ರೂ.ವರೆಗೆ ಅಡಮಾನ ಇಲ್ಲದೆ ಸಿಗುತ್ತೆ. ಬ್ಯಾಂಕಿನವರು ನಾಳೆ ಬಾ ಅಂದರೆ ಅಂಗಡಿಯವರು ನಾಲ್ಕು ಜನ ಜೊತೆಗೆ ಹೋಗಿ ಕೇಳಿ. ಆ ಗೇಜು ಬಂದರೆ ಉಳಿಯೋದು ನಿಮ್ಮ ದುಡ್ಡೇ.

ಒಟ್ಟಿನಲ್ಲಿ ಹೇಳೋದಾದರೆ: ತಳ ಗಟ್ಟಿ ಇದ್ದು, ಆರ್‌ಸಿಗೆ ಆಯಸ್ಸಿದ್ದು, ದಿನಾ ದುಡಿಯುವ ಗಾಡಿಯಾದರೆ ಎಂಜಿನ್ ಕೆಲಸ ಮಾಡಿಸಿ, ಯಾರ ಮಾತಿಗೂ ಹೆದರಬೇಡಿ. ತಳ ಹೋಗಿದ್ದರೆ ಎಷ್ಟೇ ಮುದ್ದಿನ ಗಾಡಿಯಾದರೂ ಕಾಗದ ಸಮೇತ ಬೀಳ್ಕೊಡಿ. ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಮೂರು ಕೆಲಸ ಮಾಡಿ: ಆರ್‌ಸಿ ತಾರೀಖು ನೋಡಿ, ಗಾಡಿ ಕೆಳಗೆ ಬಗ್ಗಿ ನೋಡಿ, ಆಮೇಲೆ ಹೊಗೆಯ ಬಣ್ಣ ನೋಡಿ. ಉತ್ತರ ಬಹುತೇಕ ಅಲ್ಲೇ ಸಿಗುತ್ತೆ.